ಭಾವ ಹಾರಿದರೆ ಬರೀ ಚೌಕ!

"ಹೇಳ್ತೀಯೋ, ಹಗ್ಗ ಬಿಡಲೋ?"

ತಲೆಕೆಳಗಾಗಿ ನೇತಾಡುತ್ತಿದ್ದೆ.

ಕಾಲಿಗೆ ಸ್ಟಂಟ್ ಹಗ್ಗ. ಕೆಳಗೆ... ಬಹಳ ಕೆಳಗೆ... ಶೂಟಿಂಗ್ ಫ್ಲೋರಿನ ಸಿಮೆಂಟ್ ನೆಲ. ಪಕ್ಕದಲ್ಲಿ ಒಂದು ದಪ್ಪ ಹಾಸಿಗೆಯೂ ಇತ್ತು. ಆದರೆ ಅದು ನನ್ನ ನೇರಕ್ಕಿರಲಿಲ್ಲ. ಅಳತೆ ನೋಡಿಯೇ ಪಕ್ಕಕ್ಕೆ ಸರಿಸಿದ್ದರು!

ಜೇಬಿನಿಂದ ಬೀಗದ ಕೈ, ಬಾಚಣಿಗೆ, ಅರ್ಧ ತಿಂದ ಚಾಕಲೇಟು ಒಂದೊಂದಾಗಿ ಉದುರಿದವು. ರಕ್ತವೆಲ್ಲ ತಲೆಗಿಳಿದು ಕಿವಿ ಗುಂಯ್ ಅನ್ನುತ್ತಿತ್ತು. ಇಂಥ ಹೊತ್ತಿನಲ್ಲಿ ಗಂಡಸು ಧೈರ್ಯವಾಗಿರಬೇಕು. ನಾನು ಇರಲಿಲ್ಲ.

ಹಗ್ಗದ ಇನ್ನೊಂದು ತುದಿ ಹಿಡಿದಿದ್ದ ಮನುಷ್ಯ ಸಾಮಾನ್ಯನಲ್ಲ. ಟೀವಿ ಸೀರಿಯಲ್‌ಗಳ ಫೈಟ್ ಮಾಸ್ಟರ್. ಹೀರೋ ಹಾರಬೇಕಾದಲ್ಲಿ ಹಾರುವುದು, ಹೀರೋ ಬೀಳಬೇಕಾದಲ್ಲಿ ಬೀಳುವುದು, ಹೀರೋ ತಿನ್ನಬೇಕಾದ ಒದೆ ತಿನ್ನುವುದು, ಎಲ್ಲ ಈತನೇ. ಬೆಂಕಿಯೊಳಗೆ ನುಗ್ಗಿ ಆ ಕಡೆಯಿಂದ ಕೆಮ್ಮುತ್ತಾ ಹೊರಬಂದ ಆಸಾಮಿ.

ಅಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ಆತ ನನ್ನ ಭಾವ. ಸ್ವಂತ ಅಕ್ಕನ ಗಂಡ!

"ಏನು ಹೇಳಲಿ ಭಾವ?"

"ನನ್ನ ಫೈಟ್‌ಗಳನ್ನ ಯಾರು ಸಾಯಿಸ್ತಿದಾರೆ?"

"ನನಗೇನು ಗೊತ್ತು?"

ಹಗ್ಗ ಸರ್ರನೆ ಜಾರಿತು. ಜೀವ ಬಾಯಿಗೆ ಬಂತು.

"ಭಾವಾ!"

"ಗೊತ್ತಿಲ್ಲ ಅಂದ್ರೆ ಹುಡುಕು. ಅದೇ ತಾನೇ ನಿನ್ನ ಕಸುಬು?"

"ಹುಡುಕ್ತೀನಿ! ಅದಕ್ಕೆ ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲ!"

"ಮಾಡ್ದೆ. ನೀನು ಎತ್ತಲಿಲ್ಲ."

ಅದು ನಿಜ. ಸಂಬಂಧಿಕರ ಫೋನ್ ಬಂದರೆ ನಾನು ಮೊದಲು ಬಾಗಿಲ ಚಿಲಕ ಹಾಕಿದೆಯೇ ಅಂತ ನೋಡುವವನು.

ಅಷ್ಟರಲ್ಲಿ ಕಿವಿಗೆ ಸಿಕ್ಕಿಸಿದ್ದ ಬ್ಲೂಟೂತ್ ಕುಯ್‌ಗುಟ್ಟಿತು. ಈ ಸಲ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಅಕ್ಕ!

"ಎಲ್ಲಿದೀಯೋ?"

"ನೇತಾಡ್ತಿದೀನಿ ಅಕ್ಕ! ನಿನ್ನ ಗಂಡ ನನ್ನ ಕಾಲಿಗೆ ಹಗ್ಗ ಕಟ್ಟಿ ತಲೆಕೆಳಗು ಮಾಡಿದಾರೆ!"

"ಹೌದಾ? ಬರ್ತಾ ಸೋಪಿನ ಪುಡಿ ತರೋಕೆ ಹೇಳು."

"ಅಕ್ಕಾ... ಬಿದ್ರೆ ಸಾಯ್ತೀನಿ!"

"ಏನೂ ಆಗಲ್ಲ ಸುಮ್ನಿರೋ. ಅವರ ಕೈಲಿ ಏನಾಗುತ್ತೆ? ಕುರ್ಚೀಲಿ ಕೂತು ಟೀ ಕುಡಿಯೋರು. ಫೈಟಂತೆ ಫೈಟು! ನಾನೂ ಇಷ್ಟು ವರ್ಷದಿಂದ ನೋಡ್ತಿದೀನಿ, ಟೀವೀಲಿ ಕಾಣೋದು ಬರೀ ಚೌಕ ಚೌಕ."

ಅಕ್ಕನ ಗಂಟಲು ದೊಡ್ಡದು. ಕೆಳಗಿದ್ದ ಭಾವನಿಗೆ ಎಲ್ಲವೂ ಕೇಳಿಸಿತು. ಅವರ ಮುಖ ತಲೆಕೆಳಗಾಗಿಯೂ ಬಾಡಿದ್ದು ನನಗೆ ಕಾಣಿಸಿತು. ಹಗ್ಗ ಇಳಿಸಿಬಿಟ್ಟರು.

ಪೂರ್ತಿ ಅಲ್ಲ. ಕೊನೆಗೆ ಒಂದಷ್ಟು ಕೈಬಿಟ್ಟರು.

ಈಗ ನಿಮಗೆ ವಿಷಯ ಬಿಡಿಸಿ ಹೇಳಬೇಕು. ಕೇಳಿ ಸ್ವಾಮಿ, ನಾನು ಟೀವಿಯವರ ಉಸಾಬರಿ ನೋಡಿಕೊಳ್ಳುವವನು. ಹೀರೋಯಿನ್ ಮುನಿಸಿಕೊಂಡು ಓಡಿಹೋದರೆ ಹುಡುಕಿ ತರುತ್ತೇನೆ. ಹೀರೋನ ವಿಗ್ಗು ಕಳುವಾದರೆ ಕಳ್ಳನ ತಲೆಯಿಂದಲೇ ಕಿತ್ತು ತರುತ್ತೇನೆ. ಆದರೆ ಈ ಕೇಸಿನಂಥದ್ದು ಹಿಂದೆ ಕಂಡಿರಲಿಲ್ಲ. ಇಲ್ಲಿ ಕಳುವಾಗಿದ್ದು ಚಿತ್ರ!

ಭಾವನ ಸೀರಿಯಲ್‌ನಲ್ಲಿ ಹೀರೋ ಹೀರೋಯಿನ್ ಕೂತು ಮಾತಾಡುವಾಗ ಟೀವಿಯಲ್ಲಿ ರೆಪ್ಪೆಗೂದಲು ಕೂಡ ಕಾಣುತ್ತದೆ. ಫೈಟ್ ಶುರುವಾಯಿತೋ... ಮುಗಿಯಿತು! ಒದೆಯುವ ಕಾಲು ಒಂದು ಚೌಕ. ಒದೆ ತಿಂದವನ ಮುಖ ಇನ್ನೊಂದು ಚೌಕ. ಯಾರು ಯಾರಿಗೆ ಹೊಡೆದರು ಅಂತ ದೇವರಿಗೂ ತಿಳಿಯದು. ಜನ ಬೈದು ಬೈದು ಚಾನೆಲ್ ಚೀಫ್‌ಗೆ ರೋಸಿಹೋಗಿತ್ತು.

"ಇವತ್ತು ಸಂಜೆ ಏಳಕ್ಕೆ ಕೊನೇ ಕಂತು," ಭಾವ ಹಾಸಿಗೆಯ ಅಂಚಿಗೆ ಕೂತು ಹೇಳಿದರು. "ಇದೂ ಚೌಕ ಆದ್ರೆ ಮುಂದಿನ ಸೀಸನ್‌ನಿಂದ ಫೈಟೆಲ್ಲ ಕಂಪ್ಯೂಟರಲ್ಲೇ ಬರೆಸ್ತಾರಂತೆ. ನನ್ನನ್ನ ಮನೆಗೆ ಕಳಿಸ್ತಾರಂತೆ."

"ಬೇರೆ ಸೀರಿಯಲ್ ಇಲ್ವಾ ಭಾವ?"

"ಅದಲ್ಲ ಕಣೋ..." ಭಾವ ನೆಲ ನೋಡಿದರು. "ಈ ಕಂತಲ್ಲಿ ನನಗೊಂದು ಪಾತ್ರ ಇದೆ. ವಿಲನ್ ಕಾರಿನ ಡ್ರೈವರ್. ನಾಲ್ಕನೇ ಮಹಡಿ ಗಾಜು ಒಡೆದು ಹಾರಿದೀನಿ. ಮುಖ ಕ್ಯಾಮೆರಾ ಕಡೆಗೇ ಇಟ್ಟು ಹಾರಿದೀನಿ! ಇಷ್ಟು ವರ್ಷ ಬರೀ ಬೆನ್ನು ತೋರಿಸಿ ಹಾರಿದ್ದು. ಮೊದಲ್ನೇ ಸಲ ಮುಖ..."

ದನಿ ಒಡೆದಿತ್ತು. ಪಕ್ಕೆಲುಬಿನ ಹತ್ತಿರ ಕೈ ಒತ್ತಿ ಹಿಡಿದಿದ್ದರು.

"ಏಳಕ್ಕೆ ಟೀವಿ ಮುಂದೆ ಕೂತ್ಕೋ ಅಂತ ನಿಮ್ಮಕ್ಕನಿಗೆ ಹೇಳಿದೀನಿ. ಒಂದೇ ಒಂದು ಸಲ ಅವಳು ನೋಡಬೇಕು. ನಾನು ಕೂತು ಟೀ ಕುಡಿಯೋನಲ್ಲ ಅಂತ."

ಹಗ್ಗ ಕಟ್ಟಿದ ಸಿಟ್ಟೆಲ್ಲ ಇಳಿದುಹೋಯಿತು.

"ಯಾರ ಮೇಲೆ ಅನುಮಾನ ಭಾವ?"

"ಎಡಿಟರ್!"

ಎಡಿಟಿಂಗ್ ರೂಮಿನ ಬಾಗಿಲನ್ನು ಝಾಡಿಸಿ ಒದ್ದೆ. ಅದು ಹೊರಕ್ಕೆ ತೆರೆಯುವ ಬಾಗಿಲು. ಕುಂಟುತ್ತಾ ಒಳಗೆ ಹೋದೆ.

ಎಡಿಟರ್ ಕುರ್ಚಿ ತಿರುಗಿಸಿ ನನ್ನನ್ನೇ ನೋಡಿದ. ಕೈಯಲ್ಲಿ ಬಿಸ್ಕತ್ತು. ಕಣ್ಣಲ್ಲಿ ನಿದ್ದೆ.

"ಚಿತ್ರ ಯಾಕೋ ಕೆಡಿಸ್ತಿದೀಯ?"

"ನಾನಾ?"

"ನೀನೇ! ಬಾಯಿ ಬಿಡ್ತೀಯೋ, ಬಿಡಿಸಲೋ?"

ಬಾಯಿ ಬಿಟ್ಟ. ಬಿಸ್ಕತ್ತು ಹಾಕಿಕೊಂಡ. ಆಮೇಲೆ ಒಂದು ಬಟನ್ ಒತ್ತಿದ.

ದೊಡ್ಡ ಪರದೆಯ ಮೇಲೆ ಭಾವ! ಓಡಿ ಬಂದರು. ಗಾಜಿಗೆ ಭುಜ ಕೊಟ್ಟರು. ಫಳಾರ್! ಗಾಜಿನ ಪ್ರತಿ ಚೂರೂ ಬೇರೆ ಬೇರೆ ಹೊಳೆಯಿತು. ಭಾವನ ಮೀಸೆಯಲ್ಲಿ ಸಿಕ್ಕಿದ್ದ ಕಾಗದದ ಚೂರೂ ಕಂಡಿತು. ನನಗೆ ಗೊತ್ತಿಲ್ಲದೆಯೇ ಚಪ್ಪಾಳೆ ತಟ್ಟಿದ್ದೆ.

"ನನ್ನ ಕೈಯಲ್ಲಿರೋವರೆಗೂ ಕನ್ನಡಿ ಥರ ಇರುತ್ತೆ ಸಾರ್," ಎಡಿಟರ್ ಹೇಳಿದ. "ಇಲ್ಲಿಂದ ಚಾನೆಲ್‌ಗೆ ಹೋದ ಮೇಲೆ ಏನಾಗುತ್ತೋ ನಂಗೊತ್ತಿಲ್ಲ. ಎನ್ಕೋಡರ್ ರೂಮಲ್ಲಿ ಕೇಳಿ."

"ಅದೇನದು?"

"ಚಿತ್ರಾನ ಹಿಂಡಿ ಸಣ್ಣ ಮಾಡಿ ಆಕಾಶಕ್ಕೆ ಕಳಿಸೋ ಜಾಗ."

ಹಿಂಡುವ ಜಾಗ! ಕೊಲೆ ನಡೆದಿದ್ದು ಅಲ್ಲೇ ಅಂತ ಖಾತ್ರಿಯಾಯಿತು.

ಚಾನೆಲ್ ಕಟ್ಟಡದ ಬಾಗಿಲಲ್ಲಿ ಸೆಕ್ಯೂರಿಟಿ ಅಡ್ಡ ನಿಂತ. ಅಗಲವಾದ ಮನುಷ್ಯ.

"ಪಾಸ್?"

"ಮನೇಲಿದೆ."

"ಹಾಗಾದ್ರೆ ನೀವೂ ಮನೇಲೇ ಇರಿ."

ಕಾಲಿಗೆ ಬುದ್ಧಿ ಹೇಳಿದೆ. ಅವನ ತೋಳಿನ ಕೆಳಗೆ ನುಸುಳಿ ಕಾರಿಡಾರ್ ಹಿಡಿದು ಓಡಿದೆ. ಬೆನ್ನ ಹಿಂದೆ ಬೂಟಿನ ಸದ್ದು... ಧಡ್ ಧಡ್ ಧಡ್! ಎದುರಿಗೆ ಲಿಫ್ಟ್. ಒಳಗೆ ಹಾರಿದೆ. ಬಾಗಿಲು ಮುಚ್ಚುವಷ್ಟರಲ್ಲಿ ಅವನೂ ಒಳಗೆ ಹಾರಿದ.

ಲಿಫ್ಟ್ ಚಿಕ್ಕದು. ಹೊಡೆದಾಡಲು ಜಾಗವಿರಲಿಲ್ಲ. ಇಬ್ಬರೂ ಏದುಸಿರು ಬಿಡುತ್ತಾ ಬಾಗಿಲು ನೋಡುತ್ತಾ ನಿಂತೆವು.

"ಯಾವ ಮಹಡಿ?" ಅವನೇ ಕೇಳಿದ.

"ಎನ್ಕೋಡರ್ ರೂಮ್."

ಬಟನ್ ಒತ್ತಿದ. ಲಿಫ್ಟ್ ಮೇಲೇರಿತು.

"ಸೆಖೆ ಅಲ್ವಾ?" ಅಂದೆ.

"ಹೌದು ಸಾರ್."

ಬಾಗಿಲು ತೆರೆಯಿತು. ನಾನು ಓಡಿದೆ. ಅವನು ಅಟ್ಟಿಸಿಕೊಂಡು ಬಂದ!

ಎನ್ಕೋಡರ್ ರೂಮಿಗೆ ನುಗ್ಗಿದೆ. ಒಳಗೆ ಮೂಳೆ ಕೊರೆಯುವ ಚಳಿ. ಗೋಡೆಯುದ್ದಕ್ಕೂ ಮೆಷಿನ್‌ಗಳು, ಮಿಣುಕು ದೀಪಗಳು. ಮಧ್ಯದಲ್ಲಿ ಸ್ವೆಟರ್, ಮಫ್ಲರ್, ಕೈಗೆ ಗ್ಲೌಸ್ ಹಾಕಿದ ಒಬ್ಬ ಹೆಂಗಸು. ಎಂಜಿನಿಯರ್ ಮೇಡಂ.

"ಅಲ್ಲೇ ನಿಲ್ಲಿ!" ಅವರು ಕಿರುಚಿದರು. "ಇನ್ನೊಂದು ಹೆಜ್ಜೆ ಇಟ್ರೆ ಇಡೀ ಊರಿಗೆ ಟೀವಿ ಇರಲ್ಲ!"

ಬಗ್ಗಿ ನೋಡಿದೆ. ನನ್ನ ಎತ್ತಿದ ಕಾಲಿನ ಕೆಳಗೆ ಒಂದು ದಪ್ಪ ಕೇಬಲ್. ಒಂಟಿ ಕಾಲಲ್ಲೇ ನಿಂತು ಬಂದ ಕಾರಣ ಹೇಳಿದೆ. ಭಾವ, ಗಾಜು, ಅಕ್ಕ, ಚೌಕ... ಎಲ್ಲ. ಸೆಕ್ಯೂರಿಟಿಯೂ ಬಾಗಿಲಿಗೊರಗಿ ಪೂರ್ತಿ ಕೇಳಿಸಿಕೊಂಡ.

"ಅಯ್ಯೋ ಪಾಪ," ಅಂದ.

ಮೇಡಂ ಮೇಜಿನ ಮೇಲಿದ್ದ ಪುಟ್ಟ ಕ್ಯಾಮೆರಾವನ್ನು ನನ್ನ ಕಡೆ ತಿರುಗಿಸಿದರು. "ಚಿತ್ರ ಕಳಿಸೋಕೆ ಇದಕ್ಕೆ ಬಹಳ ಕಮ್ಮಿ ಜಾಗ ಕೊಟ್ಟಿದೀನಿ. ಅಲ್ಲಾಡದೆ ನಿಂತ್ಕೊಳ್ಳಿ."

ನಿಂತೆ. ಪರದೆಯಲ್ಲಿ ನನ್ನ ಮುಖ ಮೂಡಿತು. ಗಲ್ಲದ ಮೊಡವೆಯೂ ಸ್ಪಷ್ಟ!

"ಈಗ ಕುಣೀರಿ."

"ಏನು?"

"ಕುಣೀರಿ ಅಂದೆ!"

ಕುಣಿದೆ. ಮುಖ ಮಾಯ! ನಾಲ್ಕಾರು ಕಂದು ಚೌಕಗಳು ಎಗರಾಡುತ್ತಿದ್ದವು. ಸೆಕ್ಯೂರಿಟಿ ಹೊಟ್ಟೆ ಹಿಡಿದು ನಕ್ಕ.

"ಇಷ್ಟೇ ವಿಷಯ," ಮೇಡಂ ಹೇಳಿದರು. "ಪೂರ್ತಿ ಚಿತ್ರ ಕಳಿಸೋಕೆ ಜಾಗ ಸಾಲಲ್ಲ. ಅದಕ್ಕೆ ಮೆಷಿನ್ ಒಂದು ಉಪಾಯ ಮಾಡುತ್ತೆ. ಅಲ್ಲಾಡದೆ ಇರೋದನ್ನ ಮತ್ತೆ ಕಳಿಸಲ್ಲ. 'ಗೋಡೆ ಹಿಂದಿನ ಥರಾನೇ ಇದೆ' ಅಂತ ಹೇಳಿ ಸುಮ್ಮನಾಗುತ್ತೆ. ಅಲ್ಲಾಡಿದ್ದನ್ನ ಮಾತ್ರ ಹೊಸದಾಗಿ ಕಳಿಸುತ್ತೆ. ಎಲ್ಲಾನೂ ಒಟ್ಟಿಗೆ ಅಲ್ಲಾಡಿದ್ರೆ? ಹೊಗೆ, ಬೆಂಕಿ, ಗಾಜಿನ ಚೂರು? ಅದೂ ಎಷ್ಟೂಂತ ಕಳಿಸುತ್ತೆ? ಇಷ್ಟಗಲ ಜಾಗಕ್ಕೆ ಒಂದೇ ಬಣ್ಣ ಬಳಿದು ಕೈ ತೊಳ್ಕೊಳುತ್ತೆ. ಅದೇ ನಿಮ್ಮ ಚೌಕ."

ನನಗೆ ಏನೋ ಹೊಳೆಯಿತು. ತಕ್ಷಣ ಭಾವನಿಗೆ ಫೋನ್ ಹಚ್ಚಿದೆ.

"ಭಾವ, ಚೌಕ ಕಾಣಿಸಿದಾಗ ನೀವೇನು ಮಾಡಿದ್ರಿ?"

"ಫೈಟ್ ಸಪ್ಪೆ ಆಯ್ತು ಅನ್ನಿಸ್ತು ಕಣೋ. ಮುಂದಿನ ವಾರ ಹೊಗೆ ಜಾಸ್ತಿ ಹಾಕಿಸ್ದೆ."

"ಆಮೇಲೆ?"

"ಆಗಲೂ ಚೌಕ. ಬಣ್ಣದ ಕಾಗದದ ಚೂರು ಹಾರಿಸ್ದೆ. ಆಮೇಲೆ ಮಳೆ ಮೆಷಿನ್. ಕ್ಯಾಮೆರಾನೂ ಚೆನ್ನಾಗಿ ಅಲ್ಲಾಡಿಸಿ ಅಂತ ಹೇಳ್ದೆ. ಈ ಕೊನೇ ಹಾರಾಟದಲ್ಲಂತೂ ಎಲ್ಲಾನೂ ಹಾಕಿದೀನಿ!"

ಮೇಡಂ ಗ್ಲೌಸ್ ಹಾಕಿದ ಕೈಯಿಂದಲೇ ಹಣೆ ಚಚ್ಚಿಕೊಂಡರು.

ವಾರ ವಾರವೂ ತನ್ನ ಫೈಟಿನ ಕುತ್ತಿಗೆಯನ್ನು ತಾನೇ ಹಿಚುಕಿದ್ದರು ನನ್ನ ಭಾವ! ಅದನ್ನು ಅವರಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಫೋನ್ ಇಟ್ಟೆ.

"ಆದ್ರೂ ಒಂದು ಅನುಮಾನ," ಮೇಡಂ ಒಂದು ಪರದೆ ತೋರಿಸಿದರು. ಬಣ್ಣಬಣ್ಣದ ಗೆರೆಗಳು. "ಹೊಗೆ ಹಾಕಿದ ಮಾತ್ರಕ್ಕೆ ಇಷ್ಟು ಕೆಡಬಾರದು. ಈ ಚಾನೆಲ್‌ಗಳೆಲ್ಲ ಒಂದೇ ಪೈಪಲ್ಲಿ ಹೋಗ್ತವೆ. ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕ್ ಇದ್ದ ಹಾಗೆ. ಒಬ್ಬರು ಎಲ್ಲಾ ನಲ್ಲಿ ಬಿಟ್ಕೊಂಡ್ರೆ ಮೇಲಿನ ಮನೆಯವರು ತಲೆಗೆ ಸೋಪು ಹಚ್ಕೊಂಡು ಕಾಯ್ತಾ ನಿಂತಿರಬೇಕು. ಯಾರು ಜಾಸ್ತಿ ಅಲ್ಲಾಡ್ತಾರೋ ಮೆಷಿನ್ ಅವರಿಗೆ ಜಾಸ್ತಿ ಕೊಡುತ್ತೆ."

"ಏಳು ಗಂಟೆಗೆ ನಲ್ಲಿ ಬಿಡೋರು ಯಾರು?"

"ಇಲ್ಲಿ ನೋಡಿ. ಚೆಸ್ ಚಾನೆಲ್... ಪಾಪ, ಏನೂ ಕೇಳಲ್ಲ. ನ್ಯೂಸ್‌ನವರು ಕೂತಲ್ಲೇ ಕೂತಿರ್ತಾರೆ. ಆದ್ರೆ ಈ ಗೆರೆ ನೋಡಿ! ಏಳಾದ ತಕ್ಷಣ ಸೂರಿಗೆ ಹತ್ತುತ್ತೆ!"

"ಯಾವುದದು? ಕುಸ್ತಿನಾ? ಕಾರ್ ರೇಸಾ?"

ಮೇಡಂ ನನ್ನ ಕಣ್ಣಲ್ಲಿ ಕಣ್ಣಿಟ್ಟರು.

"ಮನಶ್ಶಾಂತಿ ಚಾನೆಲ್. ಧ್ಯಾನದ ಕಾರ್ಯಕ್ರಮ."

"ತಮಾಷೆ ಮಾಡ್ಬೇಡಿ! ಅಲ್ಲಿ ಕಣ್ಣು ಮುಚ್ಚಿ ಕೂತಿರ್ತಾರಪ್ಪ!"

"ಅವರು ಕೂತಿರ್ತಾರೆ. ಅವರ ಬೆನ್ನ ಹಿಂದೆ ಜಲಪಾತ ಇದೆ."

ನೀರು! ಒಂದು ಹನಿಯೂ ಇದ್ದಲ್ಲಿ ಇರುವುದಿಲ್ಲ. ಒಂದು ಅಲೆಯೂ ಹಿಂದಿನ ಅಲೆಯಂತಿರುವುದಿಲ್ಲ. ಮೆಷಿನ್‌ಗೆ ಇದಕ್ಕಿಂತ ದೊಡ್ಡ ಪೀಡೆ ಇಲ್ಲ. ಕಣ್ಣು ಮುಚ್ಚಿ ಕೂತವರ ಬೆನ್ನ ಹಿಂದಿನ ನೀರು ನನ್ನ ಭಾವನ ಮುಖ ನುಂಗುತ್ತಿತ್ತು!

"ನೀವೇ ಏನಾದ್ರೂ ತಿರುಗಿಸಿ ಮೇಡಂ!"

"ಎರಡೂ ಚಾನೆಲ್‌ನವರು ಒಪ್ಪಬೇಕು. ನಮ್ಮ ಚೀಫ್ ವಿಮಾನದಲ್ಲಿದಾರೆ. ಮನಶ್ಶಾಂತಿಯ ಮಾಲೀಕರು ಮೌನವ್ರತದಲ್ಲಿದಾರೆ."

"ಹಾಗಾದ್ರೆ ಜಲಪಾತ ನಾನೇ ನಿಲ್ಲಿಸ್ತೀನಿ!"

"ನನಗೆ ಫೋನ್ ಹಚ್ಚಿ, ಕಿವಿಯಲ್ಲೇ ಇರಲಿ," ಮೇಡಂ ಹೇಳಿದರು. "ನಾನು ಇಲ್ಲಿಂದ ನೋಡಿ ಹೇಳ್ತಿರ್ತೀನಿ."

ಸೆಕ್ಯೂರಿಟಿ ನನಗೆ ಲಿಫ್ಟ್ ಕರೆಸಿಕೊಟ್ಟ.

ಮನಶ್ಶಾಂತಿ ಸ್ಟುಡಿಯೋ ಎದುರು ರಸ್ತೆಯಲ್ಲೇ. ಒಳಗೆ ಊದುಬತ್ತಿಯ ಹೊಗೆ, ಸಾಲು ಸಾಲು ಮೆತ್ತೆಗಳು. ಮೆತ್ತೆಗಳ ಮೇಲೆ ಕಣ್ಣು ಮುಚ್ಚಿದ ಜನ. ಹಿಂದೆ ಫೈಬರ್ ಬಂಡೆ. ಬಂಡೆಯ ಮೇಲಿಂದ ಭೋರೆಂದು ನೀರು!

ಮಧ್ಯದ ಮೆತ್ತೆಯಲ್ಲಿ ಕಾರ್ಯಕ್ರಮ ನಡೆಸುವ ಮನುಷ್ಯ. ಬೀರುವಿನಷ್ಟು ಗಾತ್ರ, ಬೆಣ್ಣೆಯಂಥ ದನಿ. ಎರಡು ಪಕ್ಕದಲ್ಲಿ ಬಿಳಿ ಬಟ್ಟೆಯ ಇಬ್ಬರು ದಾಂಡಿಗರು. ನಾನು ಆತನಿಗೆ ಮನಸ್ಸಿನಲ್ಲೇ ಸಮಾಧಾನಿ ಅಂತ ಹೆಸರಿಟ್ಟೆ.

"ಬನ್ನಿ... ಕೂತ್ಕೊಳ್ಳಿ... ಉಸಿರು ಒಳಗೆ ತಗೊಳ್ಳಿ..."

"ಟೈಮಿಲ್ಲ ಸಾರ್. ನಿಮ್ಮ ಜಲಪಾತ ಇವತ್ತೊಂದು ದಿನ ನಿಲ್ಲಿಸಬೇಕು."

"ಉಸಿರು ಹೊರಗೆ ಬಿಡಿ..."

"ನಿಲ್ಲಿಸ್ತೀರೋ ಇಲ್ವೋ?"

"ಇಲ್ಲಿಂದ ಎದ್ದು ಹೋಗಿ..." ಅದೇ ಬೆಣ್ಣೆ ದನಿ. "ಇಲ್ಲಾಂದ್ರೆ ಆ ಉಸಿರು ಮತ್ತೆ ಒಳಗೆ ಹೋಗದ ಹಾಗೆ ಮಾಡ್ತೀನಿ..."

ಆದರೂ ಬಿಡಲಿಲ್ಲ. "ನಿಮ್ಮ ನೀರಿಂದ ನಮ್ಮ ಫೈಟ್ ಚೌಕ ಆಗ್ತಿದೆ ಸಾರ್!"

ಸಮಾಧಾನಿ ಕಣ್ಣು ತೆರೆದ. ಮುಗುಳ್ನಕ್ಕ.

"ಗೊತ್ತು... ನಿಮ್ಮ ಫೈಟ್ ಚೌಕ ಆದಾಗ ಜನ ತಲೆ ಕೆಟ್ಟು ಚಾನೆಲ್ ತಿರುಗಿಸ್ತಾರೆ... ತಲೆ ಕೆಟ್ಟವರೆಲ್ಲ ಶಾಂತಿ ಹುಡುಕ್ಕೊಂಡು ನನ್ನ ಹತ್ರ ಬರ್ತಾರೆ... ಅದಕ್ಕೇ ಎರಡನೇ ಪಂಪ್ ಹಾಕಿಸಿದ್ದು..."

ಪಾತಕಿ! ಬೇಕು ಬೇಕಂತಲೇ ಮಾಡುತ್ತಿದ್ದ! ನಾನು ಮುಷ್ಟಿ ಬಿಗಿದೆ. ದಾಂಡಿಗರು ನನ್ನನ್ನು ಮೆತ್ತೆ ಸಮೇತ ಎತ್ತಿ ಹೊರಗೆ ಇಟ್ಟುಬಂದರು. ಬಹಳ ಮೃದುವಾಗಿ ಇಟ್ಟರು. ಅದೇ ನನಗೆ ಹೆಚ್ಚು ಅವಮಾನವಾಗಿದ್ದು.

ಏಳು ಗಂಟೆ ಆಗೇಹೋಯಿತು!

ಕಿವಿಯಲ್ಲಿ ಮೇಡಂ: "ಕಂತು ಶುರುವಾಯ್ತು! ಕಾರ್ ಚೇಸ್ ಬರ್ತಿದೆ. ಚೌಕ... ಚೌಕ... ಎಲ್ಲಾ ಚೌಕ! ಬೇಗ!"

ಹಿಂಬಾಗಿಲಿನಿಂದ ನುಸುಳಿದೆ. ಹೊಟ್ಟೆಯ ಮೇಲೆ ತೆವಳಿ ಬಂಡೆಯ ಹಿಂದೆ ಸೇರಿದೆ. ಎರಡು ಪಂಪು. ಮಧ್ಯೆ ಒಂದು ದೊಡ್ಡ ತಿರುಗಣೆ. ಕೈ ಹಾಕಿ ಬಲವಾಗಿ ತಿರುಗಿಸಿದೆ.

ಭುಸ್ಸ್!

ನೀರು ಚಾವಣಿಗೆ ಚಿಮ್ಮಿತು! ಧ್ಯಾನಕ್ಕೆ ಕೂತ ಒಬ್ಬಜ್ಜಿ "ಆಹಾ" ಅಂದಳು.

"ಏನ್ರೀ ಮಾಡಿದ್ರಿ?!" ಮೇಡಂ ಚೀರಿದರು. "ಪೈಪೆಲ್ಲ ಅವರದೇ ಆಯ್ತು! ನಮ್ಮ ಹೀರೋ ಒಂದೇ ಒಂದು ಚೌಕ ಆಗಿದಾರೆ!"

ಎರಡೂ ಪ್ಲಗ್ ಹಿಡಿದು ಕಿತ್ತೆಸೆದೆ. ನೀರು ನಿಂತಿತು. ಸ್ಟುಡಿಯೋ ತುಂಬ ಮೌನ. ತೊಟ್... ತೊಟ್...

ಸಮಾಧಾನಿ ನಿಧಾನವಾಗಿ ಹಿಂತಿರುಗಿದ. ಬಂಡೆಯ ಮೇಲಿಂದ ಇಣುಕುತ್ತಿದ್ದ ನನ್ನ ಒದ್ದೆ ತಲೆ ನೋಡಿದ. ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದ ಶಾಂತಿಯೆಲ್ಲ ಒಂದೇ ಕ್ಷಣಕ್ಕೆ ಹೋಯಿತು.

"ಹಿಡೀರೋ ಅವನ್ನ!"

ಓಡಿದೆ! ಬಂಡೆ ಸುತ್ತಿ ಓಡಿದೆ. ದಾಂಡಿಗರು ಹಿಂದೆ. ಸಮಾಧಾನಿ ಎದುರಿನಿಂದ. ಕೈಗೆ ಸಿಕ್ಕ ಮೆತ್ತೆ ಎತ್ತಿ ಬೀಸಿದೆ. ಅದು ಒಬ್ಬನ ತಲೆಗೆ ಬಡಿದು ಬಿರಿಯಿತು. ಹತ್ತಿ! ಸ್ಟುಡಿಯೋ ತುಂಬ ಹತ್ತಿ ಹಾರಿತು!

"ಓಡ್ಬೇಡ್ರೀ!" ಕಿವಿಯಲ್ಲಿ ಮೇಡಂ ಅಳುವುದೊಂದೇ ಬಾಕಿ. "ನೀವು ಲೈವ್‌ನಲ್ಲಿದೀರ! ನೀವು ಓಡಿದ್ರೂ ಪೈಪ್ ತುಂಬುತ್ತೆ, ನೀರು ಹರಿದ್ರೂ ಪೈಪ್ ತುಂಬುತ್ತೆ! ಅದರ ಮೇಲೆ ಆ ಹತ್ತಿ ಬೇರೆ! ನಿಮ್ಮ ಭಾವ ಕಿಟಕಿ ಕಡೆ ಓಡಿ ಬರ್ತಿದಾರೆ! ಇನ್ನೇನು ಹಾರ್ತಾರೆ!"

ಕೇಳಿ ಸ್ವಾಮಿ. ನನ್ನ ಕಸುಬಿನಲ್ಲಿ ಬದುಕಿ ಉಳಿಯಲು ಒಂದೇ ವಿದ್ಯೆ ಬೇಕು. ಓಡುವುದು. ಸಾಲಗಾರರಿಂದ, ರೌಡಿಗಳಿಂದ, ಹೀರೋಯಿನ್‌ಗಳ ತಾಯಂದಿರಿಂದ ಓಡಿ ಓಡಿ ಇಲ್ಲಿಯವರೆಗೆ ಬಂದವನು ನಾನು.

ನಿಂತುಬಿಟ್ಟೆ.

ಕಲ್ಲಾಗಿ ನಿಂತೆ. ಸಮಾಧಾನಿಯ ಕೈ ಬಂದು ನನ್ನ ಕುತ್ತಿಗೆಗೆ ಬಿತ್ತು. ಬಿಗಿಯಿತು. ತುಟಿ ಅಲ್ಲಾಡಿಸದೆ ಪಿಸುಗುಟ್ಟಿದೆ.

"ಸಾರ್... ಕ್ಯಾಮೆರಾ ಮೇಲೆ ಕೆಂಪು ದೀಪ... ಜನ ನೋಡ್ತಿದಾರೆ..."

ಸಮಾಧಾನಿ ಓರೆಗಣ್ಣಲ್ಲಿ ನೋಡಿದ. ಗಲ್ಲ ನಡುಗಿತು. ಮುಗುಳ್ನಗೆ ಮೆಲ್ಲಗೆ ಮುಖಕ್ಕೆ ಮರಳಿತು. ಕೈ ಮಾತ್ರ ನನ್ನ ಕುತ್ತಿಗೆಯಲ್ಲೇ ಇತ್ತು.

"ಎಲ್ಲರೂ... ಇದ್ದ ಹಾಗೇ... ನಿಶ್ಚಲವಾಗಿ..." ಬೆಣ್ಣೆ ದನಿಯಲ್ಲಿ ಅಂದ. "ಇದು ಇವತ್ತಿನ ಹೊಸ ಭಂಗಿ..."

ದಾಂಡಿಗರು ಎತ್ತಿದ ಕೈ ಎತ್ತಿದ ಹಾಗೆಯೇ ನಿಂತರು. ಮೆತ್ತೆಯವರು ಉಸಿರು ಬಿಗಿಹಿಡಿದರು. ಹತ್ತಿ ಒಂದೊಂದೇ ಎಳೆ ಕೆಳಗಿಳಿಯಿತು.

"ಹಾಗೇ ಇರಿ... ಹಾಗೇ ಇರಿ..." ಮೇಡಂ ಉಸುರಿದರು. "ಗೆರೆ ಇಳೀತಿದೆ..."

ಆಗ ಒಂದು ಎಳೆ ಹತ್ತಿ ತೇಲಿ ಬಂದು ನನ್ನ ಮೂಗಿನ ಹೊಳ್ಳೆಯ ಮೇಲೆ ಕೂತಿತು.

ಸೀನು!

ಗುಂಡಿಗೆ ಹೆದರದವನು ನಾನು. ಚಾಕುವಿಗೆ ಹೆದರದವನು. ಆ ಹತ್ತಿಗೆ ಹೆದರಿದೆ. ನಾನು ಸೀನಿದರೆ ತಲೆ ಅಲ್ಲಾಡುತ್ತದೆ. ತಲೆ ಅಲ್ಲಾಡಿದರೆ ಸಮಾಧಾನಿಯ ಕೈ, ಅವನ ಕೈ ಅಲ್ಲಾಡಿದರೆ ಅವನು, ಅವನು ಬಿದ್ದರೆ ಇಡೀ ಸ್ಟುಡಿಯೋ! ಕಣ್ಣಲ್ಲಿ ನೀರು ತುಂಬಿತು. ಭಾವನ ಬಾಡಿದ ಮುಖ ನೆನೆಸಿಕೊಂಡೆ. ಹಲ್ಲು ಕಚ್ಚಿದೆ.

"ಗಾಜು ಒಡೀತು!" ಮೇಡಂ ಕೂಗಿದರು. "ಅಬ್ಬಬ್ಬಾ! ಒಂದೊಂದು ಚೂರೂ ಕಾಣ್ತಿದೆ! ಹಾರಿದ್ರು... ಮುಖ ಕಾಣ್ತಿದೆ ರೀ! ಕಣ್ಣು ಮುಚ್ಚಿದಾರೆ... ತುಟಿ ಅಲ್ಲಾಡ್ತಿದೆ... ಮೀಸೇನೂ ಕಾಣ್ತಿದೆ! ಬಿದ್ರು! ಬಿದ್ರು! ಎದ್ರು!"

"ಆಕ್ಷೀ!"

ಆಮೇಲೆ ನನಗೇನಾಯಿತು ಅನ್ನುವುದನ್ನು ಬಿಡಿ. ಜಾಹೀರಾತು ಬಂದು ಕೆಂಪು ದೀಪ ಆರಿತು ಅಂದರೆ ನಿಮಗೆ ಅರ್ಥವಾದೀತು.

ಮುಖ ಊದಿಸಿಕೊಂಡು ಅಕ್ಕನ ಮನೆ ಸೇರಿದೆ. ಭಾವ ಆಗಲೇ ಸೋಫಾದ ತುದಿಯಲ್ಲಿ ಕೂತಿದ್ದರು. ವಿಮಾನ ಇಳಿದ ಚೀಫ್ ಫೋನ್ ಮಾಡಿ ಹೊಗಳಿದ್ದರಂತೆ. ಊರೆಲ್ಲ ಆ ಹಾರಾಟದ್ದೇ ಮಾತಂತೆ. ಮುಂದಿನ ಸೀಸನ್‌ಗೂ ಭಾವನೇ ಖಾಯಂ. ಕಂಪ್ಯೂಟರ್ ಫೈಟ್ ಕ್ಯಾನ್ಸಲ್!

ಗೆದ್ದವರ ಮನೆಯಲ್ಲಿ ಸಂಭ್ರಮ ಇರಬೇಕಿತ್ತು. ಇರಲಿಲ್ಲ. ಅಕ್ಕ ಟೀವಿಯ ಮುಂದೆ ನಿಂತು ಬಿಕ್ಕುತ್ತಿದ್ದಳು.

"ಇಷ್ಟು ವರ್ಷ ನೀವು ನಿಜವಾಗ್ಲೂ ಹಾರ್ತಿದ್ರಾ?"

"ಹೇಳ್ತಾನೇ ಇದ್ನಲ್ಲ..."

"ಗಾಳೀಲಿ ಏನೋ ಬಾಯಿ ಅಲ್ಲಾಡಿಸ್ತಿದ್ರಲ್ಲ, ಏನದು?"

ಭಾವನ ಕಿವಿ ಕೆಂಪಗಾಯಿತು. ಬೆಂಕಿಗೆ ನುಗ್ಗಿದ ಗಂಡಸು ಅಂಗಿಯ ಗುಂಡಿ ತಿರುವುತ್ತಾ ಕೂತ.

"ನಿನ್ನ ಹೆಸರು. ಹಾರುವಾಗೆಲ್ಲ ಹೇಳ್ಕೋತೀನಿ."

ಅಕ್ಕ ಗಳಗಳನೆ ಅತ್ತಳು. ಭಾವನ ಪಕ್ಕದಲ್ಲಿ ಕೂತು ಅವರ ಪಕ್ಕೆ ಮುಟ್ಟಿ ನೋಡಿದಳು. ಅವರು "ಸ್ಸ್" ಅಂದರು. ಇದಕ್ಕೆ ಅಂತ ಕುತ್ತಿಗೆ ಕೊಟ್ಟಿದ್ದು ಸಾರ್ಥಕ ಅನ್ನಿಸಿತು.

ಅಕ್ಕ 'ಸ್ಸ್' ಕೇಳಿ ಎದ್ದು ನಿಂತಳು. ಅಳು ನಿಂತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಇನ್ನೊಂದು ಸಲ ಹಾರಿ ನೋಡೋಣ! ಕಾಲು ಮುರಿದು ಕೈಗೆ ಕೊಡ್ತೀನಿ!"

"ಅಲ್ಲ ಕಣೇ, ಮುಂದಿನ ಸೀಸನ್..."

"ಎಲ್ಲರಿಗೂ ಕಲಿಸಿ. ನೀವು ಹಾರಕೂಡದು! ಪ್ರತಿ ಕಂತೂ ಟೀವಿಗೆ ಮೂಗು ಹಚ್ಚಿ ನೋಡ್ತೀನಿ. ನಿಮ್ಮ ಬೆನ್ನು ಕಂಡ್ರೂ ನಂಗೆ ಗುರುತು ಸಿಗುತ್ತೆ. ಕಂಡಿರೋ... ಈ ಮನೆ ಹೊಸ್ತಿಲು ತುಳೀಬೇಡಿ!"

ಒಳಗೆ ಹೋಗಿ ಪಾತ್ರೆ ಕುಕ್ಕತೊಡಗಿದಳು. ಭಾವ ನನ್ನ ರಟ್ಟೆ ಹಿಡಿದು ಬಾಲ್ಕನಿಗೆ ಎಳೆದರು. ಬಾಗಿಲು ಎಳೆದುಕೊಂಡರು.

"ಲೇ... ನೀನು ಹೇಳಿದ ಆ ಜಲಪಾತದವನು ಇದಾನಲ್ಲ..."

"ಭಾವ, ಬೇಡ."

"ಪೂರ್ತಿ ಫೈಟ್ ಬೇಡ ಕಣೋ. ನಾನು ಹಾರೋ ಒಂದು ಕ್ಷಣ ಮಾತ್ರ. ನೋಡೋರು ಕಣ್ಣು ಮಿಟುಕಿಸಿದ್ರೆ ಮುಗೀತು. ಅಷ್ಟು ಚೌಕ ಮಾಡಿಸಿಬಿಡು."

"ಈಗಿನ್ನೂ ಚೌಕ ಬಿಡಿಸೋಕೆ ಕುತ್ತಿಗೆ ಕೊಟ್ಟು ಬಂದಿದೀನಿ ಭಾವ!"

"ಅದು ಕೆಲಸ ಉಳಿಸ್ಕೊಳೋಕೆ. ಇದು ಹೆಂಡ್ತೀನ ಉಳಿಸ್ಕೊಳೋಕೆ." ಭಾವ ಎರಡೂ ಕೈ ಮುಗಿದರು. "ಹಾರದೆ ಇರೋಕೆ ನನ್ನ ಕೈಲಿ ಆಗಲ್ಲ ಕಣೋ."

ಈಗ ವಾರಕ್ಕೊಮ್ಮೆ ಮನಶ್ಶಾಂತಿ ಸ್ಟುಡಿಯೋದ ಬಂಡೆಯ ಹಿಂದೆ ಕುಕ್ಕರಗಾಲಲ್ಲಿ ಕೂತಿರುತ್ತೇನೆ. ಜಲಪಾತದ ಪಂಪು ಈಗ ಬಂದ್, ಆದರೂ ಸಮಾಧಾನಿ ತಕರಾರು ಮಾಡುವುದಿಲ್ಲ. ಕುತ್ತಿಗೆ ಹಿಡಿದು ನಿಲ್ಲುವ ಭಂಗಿ ಜನರಿಗೆ ಬಹಳ ಹಿಡಿಸಿದೆಯಂತೆ, ಆಗಾಗ ನನ್ನ ಕುತ್ತಿಗೆ ಕೇಳುತ್ತಾನೆ ಅಷ್ಟೇ. ಭಾವ ಕಿಟಕಿ ಕಡೆ ಓಡಿದರು ಅನ್ನುವಾಗ ಕಿವಿಯಲ್ಲಿ ಮೇಡಂ "ಈಗ!" ಅನ್ನುತ್ತಾರೆ. ನಾನು ಎದ್ದು ಒಂದು ದೊಡ್ಡ ಬಕೆಟ್ ನೀರನ್ನು ಬಂಡೆಯ ಮೇಲೆ ರಪ್ಪನೆ ಎರಚುತ್ತೇನೆ.

ತಪ್ಪದೆ ಅಕ್ಕನ ಫೋನ್ ಬರುತ್ತದೆ.

"ನೋಡಿದ್ಯೇನೋ? ಆ ಹಾರೋ ಜಾಗದಲ್ಲಿ ಮತ್ತೆ ಚೌಕ. ಪಾಪ, ಯಾರೋ ಏನೋ... ಸದ್ಯ, ನಮ್ಮೋರು ಹಾರಲಿಲ್ಲ!"

"ಹೌದಕ್ಕ," ಅನ್ನುತ್ತೇನೆ, ಒದ್ದೆ ಪ್ಯಾಂಟು ಹಿಂಡಿಕೊಳ್ಳುತ್ತಾ.